ಆಯ್ದಕ್ಕಿ ಲಕ್ಕಮ್ಮನ ವಚನಗಳಲ್ಲಿ ಮಿತಿಯೂ ದಾಸೋಹವೂ

೧

ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮಕ್ಷೇತ್ರವು ಹುನಗುಂದ ತಾಲ್ಲೂಕಿನಲ್ಲಿರುವುದು. ಬಸವಣ್ಣನವರ ವಚನಾಂಕಿತದ ದೆಸೆಯಿಂದ ಆ ಸ್ಥಳದ ಹೆಸರನ್ನು ಅರಿಯದ ಕನ್ನಡಿಗರು ವಿರಳ. ಅಲ್ಲಿಂದ ಮೂಡಲಿಗೆ ಹುನಗುಂದ ಇಳಕಲ್ಲುಗಳ ಸೀಮೆಯನ್ನು ದಾಟಿದರೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವು ದೊರೆಯುವುದು. ಹನ್ನೆರಡನೆಯ ಶತಮಾನದ ಶರಣದಂಪತಿಗಳಾದ ಆಯ್ದಕ್ಕಿ ಮಾರಯ್ಯನೂ ಲಕ್ಕಮ್ಮನೂ ಈ ಸ್ಥಳದವರೆಂದು ಪರಂಪರೆಯು ಹೇಳುವುದು; ಇಬ್ಬರ ಅಂಕಿತಗಳೂ ಅದಕ್ಕೆ ಹೊಂದುವಂತೆಯೇ ಇವೆ. ಇವರು ಕಲ್ಯಾಣಕ್ಕೆ ಹೋಗಿ ನೆಲಸಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮದಾಸೋಹವನ್ನು ನಡೆಯಿಸಿ, ಮಿಕ್ಕುದನ್ನು ಪ್ರಸಾದವೆಂದು ಉಂಡು ಬಾಳಿದರೆಂಬುದು ಪ್ರಸಿದ್ಧವಾದ ಕಥೆ.

ಒಂದು ದಿನ ಮಾರಯ್ಯನು ಎಂದಿನದಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಒಳಗೆ ಸೇರಿಸದೆ, ತಂದಲ್ಲಿಗೇ ಒಯ್ದು ಸುರಿದು ಬರಬೇಕೆಂದು ಗಂಡನಿಗೆ ಹೇಳಿದಳು. ಕಥೆಯ ತಿರುಳು ಇಷ್ಟೆ. ಆದರೆ ಇದರಲ್ಲಿ ಒಂದು ತೊಡಕುಂಟು. ಆ ಮನೆಯಲ್ಲಿ ಹಸಿದವರಿಗೆ ಉಣಿಸುವುದೇ ವ್ರತ. ಹೆಚ್ಚಾಗಿ ಬಂದ ಅಕ್ಕಿಯಿಂದ ಇನ್ನೂ ನಾಲ್ವರಿಗೆ ಉಣಿಸಬಹುದಾಗಿತ್ತು. ಹೀಗಿರಲು, ಕೊಡುವುದಕ್ಕಾಗಿಯೇ ಬದುಕಿದವಳು ಕೊಡುವುದಕ್ಕೆ ಒದಗಿದ ದ್ರವ್ಯವನ್ನೇಕೆ ಹಿಂದಿರುಗಿಸಿದಳು? ಈ ಪ್ರಶ್ನೆಗೆ ಸಮಾಧಾನ ದೊರೆಯದಿದ್ದರೆ ಲಕ್ಕಮ್ಮನ ಮಾತು ಕೇವಲ ಹಟವೆನಿಸೀತು. ಇಲ್ಲವೆ ಜಿಪುಣತನದ ಇನ್ನೊಂದು ಮುಖವೆನಿಸೀತು.

ಸಾಧಾರಣವಾಗಿ ಎರಡು ಸಮಾಧಾನಗಳನ್ನು ಹೇಳುವುದುಂಟು. ಇದು ವೈರಾಗ್ಯದ ಉಪದೇಶವೆಂಬುದು ಒಂದು. ದಾರಿ ತಪ್ಪಿದ ಗಂಡನನ್ನು ತಿದ್ದಿದ ಪತಿವ್ರತೆಯ ಚರಿತ್ರೆಯೆಂಬುದು ಮತ್ತೊಂದು. ಇವೆರಡೂ ಸಾಲವು. ವೈರಾಗ್ಯವೇ ಗುರಿಯಾಗಿದ್ದಲ್ಲಿ ಅಂದಂದಿನ ಅಕ್ಕಿಯ ಗೊಡವೆಯೂ ಬೇಕಾಗಿರಲಿಲ್ಲ. ಲಕ್ಕಮ್ಮನಾದರೋ ಕಾಯಕವು ಒಂದು ಹೊತ್ತು ನಿಂತರೂ ಸಹಿಸದವಳು. ಪಾತಿವ್ರತ್ಯವೇ ಗುರಿಯೆಂದರೆ, ಅಕ್ಕಿಯ ಪ್ರಮಾಣವನ್ನು ಕುರಿತ ಆಕೆಯ ಸೂಕ್ಷ್ಮವಾದ ವಿಚಾರಕ್ಕೆ ಅರ್ಥವೇ ಇಲ್ಲವಾಗುವುದು. ಆದುದರಿಂದ ವಚನಗಳನ್ನೇ ಆಧಾರವಾಗಿ ಹಿಡಿದು ವಿಚಾರಿಸುವುದು ಯುಕ್ತ.

೨

ಲಕ್ಕಮ್ಮನ ವಚನಗಳು ಸಂಖ್ಯೆಯಲ್ಲಿ ಕೆಲವೇ. ಅವು ಬಿಡಿಬಿಡಿಯಾಗಿ ದೊರೆಯುವುದಲ್ಲದೆ, ಹದಿನೈದನೆಯ ಶತಮಾನದಿಂದ ಮುಂದೆ ಸಂಕಲಿತವಾದ ಶೂನ್ಯಸಂಪಾದನೆಗಳಲ್ಲಿ ಕಥಾಸೂತ್ರದಿಂದ ಪೋಣಿಸಲ್ಪಟ್ಟಿವೆ. ವಚನವು ಶರಣೆಯ ಮಾತು. ಸಂದರ್ಭವು ಸಂಪಾದಕನು ಕಟ್ಟಿಕೊಟ್ಟ ರಂಗ. ಈ ಭೇದವನ್ನು ಮರೆಯಲಾಗದು. ಮಾರಯ್ಯನನ್ನು ಪರೀಕ್ಷಿಸುವುದಕ್ಕಾಗಿ ಬಸವಣ್ಣನವರೇ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದರೆಂದು ಕಥೆಯ ಒಂದು ರೂಪವುಂಟು. ಇದು ತರುವಾಯದ ಕಲ್ಪನೆಯೆಂದು ಕೂಡಲೆ ತಳ್ಳಿಬಿಡುವಂತಿಲ್ಲ. ಏತಕ್ಕೆಂದರೆ, ಈ ಆಸೆಯು ಗಂಡನ ಮನಸ್ಸಿನಲ್ಲಿ ಹುಟ್ಟಿದುದೋ ಬಸವಣ್ಣನ ಸಂದೇಹದಿಂದ ಬಂದುದೋ ಎಂದು ಲಕ್ಕಮ್ಮನು ತನ್ನ ವಚನವೊಂದರಲ್ಲಿಯೇ ಕೇಳಿರುವಳು. ಸಂಪಾದಕರು ಈ ಸೂಚನೆಯನ್ನು ಹಿಡಿದು ಕಥೆಯನ್ನು ವಿಸ್ತರಿಸಿದರೆಂದು ಊಹಿಸುವುದು ಸಮಂಜಸವಾಗಿದೆ.

ಆಕೆಯ ವಾದದ ಅಂಗಗಳು ಮೂರು. ಆಸೆಯೆಂಬುದು ಅರಸರಿಗೆ ಸಲ್ಲತಕ್ಕುದು, ಭಕ್ತರಿಗಲ್ಲ ಎಂಬುದು ಮೊದಲನೆಯದು. ಎಂದಿನಷ್ಟೇ ತಮಗೆ ಸಾಕು, ಮಿಕ್ಕುದು ದೇವರಿಗೆ ಸಲ್ಲದ ನೈವೇದ್ಯ ಎಂಬುದು ಎರಡನೆಯದು. ಚಿತ್ತಶುದ್ಧಿಯಿಂದ ಕಾಯಕ ಮಾಡುವವನಿಗೆ ಬಡತನವೆಂಬುದೇ ಇಲ್ಲ, ಮನಶ್ಶುದ್ಧಿ ಇಲ್ಲದವನೇ ದ್ರವ್ಯದಲ್ಲಿ ಬಡವ ಎಂಬುದು ಮೂರನೆಯದು. ಇವುಗಳಲ್ಲಿ ಎರಡನೆಯದು ವಿಶೇಷವಾಗಿ ಗಮನಾರ್ಹ. ಹೆಚ್ಚಿನ ಅಕ್ಕಿಯನ್ನು ತಾವು ಉಣ್ಣಬಾರದೆಂದು ಮಾತ್ರ ಆಕೆ ಹೇಳುವುದಿಲ್ಲ, ಅರ್ಪಿಸಲೂ ಬಾರದೆನ್ನುವಳು. ದಾನದ ನೆಪದಿಂದಲೂ ಸಂಗ್ರಹವು ಶುದ್ಧವಾಗದೆಂಬುದೇ ಇಲ್ಲಿಯ ತಾತ್ಪರ್ಯ.

ಮಾತಿನ ರೀತಿಯೂ ವಿಚಾರಯೋಗ್ಯವಾಗಿದೆ. ಉಪದೇಶವು ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತವೆಂದು ಮೂರು ಬಗೆಯೆಂದೂ, ವೇದವು ಒಡೆಯನಂತೆ ಆಜ್ಞಾಪಿಸುವುದೆಂದೂ, ಪುರಾಣವು ಗೆಳೆಯನಂತೆ ತಿಳಿಹೇಳುವುದೆಂದೂ, ಕಾವ್ಯವು ಕಾಂತೆಯಂತೆ ಸರಸದಿಂದ ಒಲಿಸಿಕೊಳ್ಳುವುದೆಂದೂ ಆಲಂಕಾರಿಕರ ಮತ. ಲಕ್ಕಮ್ಮನು ಕಾಂತೆಯೇ ಅಹುದು. ಆದರೆ ಆಕೆಯ ಮಾತು ಪ್ರಭುಸಂಮಿತವಾಗಿರುವುದು. ಒಲಿಸುವಿಕೆ ಇಲ್ಲ, ವಕ್ರೋಕ್ತಿ ಇಲ್ಲ, ಉಪಮಾನಗಳ ಸಾಲಿಲ್ಲ. ವಾಕ್ಯಗಳು ಚಿಕ್ಕವು, ಕ್ರಿಯಾಪದಗಳು ವಿಧ್ಯರ್ಥದವು. ಕಾಯಕವು ನಿಂತಿದೆ, ಹೋಗಬೇಕು. ಅಕ್ಕಿಯು ಹೆಚ್ಚಾಗಿದೆ, ಸುರಿಯಬೇಕು. ಆಕೆಯ ಅಂಕಿತದಲ್ಲಿಯೂ ಮಾರಯ್ಯನ ಹೆಸರು ಸೇರಿರುವುದರಿಂದ, ವಚನದ ನಡುವೆ ಸಂಬೋಧಿಸಿದ ಗಂಡನೇ ಕೊನೆಯಲ್ಲಿ ದೇವರ ವಿಶೇಷಣವಾಗಿ ನಿಲ್ಲುವನು. ಹೀಗೆ ಗದರಿಕೆಯೂ ಗೌರವವೂ ಒಂದೇ ಹೆಸರಿನಲ್ಲಿ ಅಡಕವಾಗಿರುವುದು ಈ ವಚನಗಳ ಸೊಗಸು.

ಕಾಯಕವನ್ನು ಕೈಲಾಸಕ್ಕೆ ಸಮಮಾಡುವ ಪ್ರಸಿದ್ಧವಾದ ನುಡಿಯನ್ನು ಬಸವಣ್ಣನವರದೆಂದು ಹಲವರು ಭಾವಿಸಿರುವರು. ಅದು ಮಾರಯ್ಯನ ವಚನದಲ್ಲಿರುವುದು. ಕಾಯಕದಲ್ಲಿ ತೊಡಗಿದವನು ಗುರುದರ್ಶನ ಲಿಂಗಪೂಜೆಗಳನ್ನೂ ಮರೆಯಬಹುದೆಂಬುದು ಅಲ್ಲಿಯ ಪ್ರಕರಣ. ಆ ನುಡಿಯನ್ನು ಮಾತ್ರ ಬಿಡಿಸಿ ಗೋಡೆಗಳ ಮೇಲೆ ಬರೆಯುವಲ್ಲಿ, ಕಾಯಕದ ಫಲಕ್ಕೆ ಹೆಂಡತಿಯು ಹಾಕಿದ ಮಿತಿಯು ಕೈಬಿಟ್ಟುಹೋಗುವುದು. ಗಂಡನ ವಚನವು ದುಡಿಮೆಯ ಮಹಿಮೆಯನ್ನು ಹೇಳಿದರೆ, ಹೆಂಡತಿಯ ವಚನವು ಅದರ ಅಳತೆಯನ್ನು ಹೇಳುವುದು. ಇವೆರಡನ್ನೂ ಕೂಡಿಸಿ ಓದಿದಾಗಲೇ ಸಿದ್ಧಾಂತವು ಪೂರ್ಣವಾಗುವುದು.

೩

ಆಯ್ದು ತಿನ್ನುವ ವೃತ್ತಿಯು ಸಂಸ್ಕೃತ ವಾಙ್ಮಯಕ್ಕೆ ಹೊಸದಲ್ಲ. ಕೊಯ್ಲು ಮುಗಿದ ಹೊಲದಲ್ಲಿ ಹಕ್ಕಲು ಆಯ್ದು ಜೀವಿಸುವುದಕ್ಕೆ ಉಂಛಶಿಲವೆಂದು ಹೆಸರು. ಮನುವು ತನ್ನ ಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಅದನ್ನು ಋತವೆಂದು ಕರೆದಿರುವನು. ಅಲ್ಲಿಯೇ, ಕಣಜದಷ್ಟು ಧಾನ್ಯವನ್ನಿಡುವವನು, ಕೊಡದಷ್ಟನ್ನಿಡುವವನು, ಮೂರು ದಿನಕ್ಕಾಗುವಷ್ಟನ್ನಿಡುವವನು, ನಾಳೆಗೆಂದು ಏನನ್ನೂ ಇಡದವನು ಎಂದು ಗೃಹಸ್ಥರನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಇವರಲ್ಲಿ ಮುಂದುಮುಂದಿನವನು ಶ್ರೇಷ್ಠನೆಂದಿದೆ. ಭಾಗವತದ ಸಪ್ತಮಸ್ಕಂಧದಲ್ಲಿ ನಾರದನು ಗೃಹಸ್ಥಧರ್ಮವನ್ನು ಹೇಳುತ್ತ, ಹೊಟ್ಟೆ ತುಂಬುವಷ್ಟು ಮಾತ್ರ ಮನುಷ್ಯನ ಸ್ವತ್ತು, ಅದಕ್ಕೂ ಹೆಚ್ಚಿನದನ್ನು ತನ್ನದೆನ್ನುವವನು ಕಳ್ಳನಂತೆ ದಂಡನಾರ್ಹನೆನ್ನುವನು. ಆದುದರಿಂದ ಲಕ್ಕಮ್ಮನ ತತ್ತ್ವಕ್ಕೆ ಹಿಂದಣ ಬೆಂಬಲವಿಲ್ಲವೆನ್ನಲಾಗದು. ಆದರೆ ಶಾಸ್ತ್ರದಲ್ಲಿ ವಿಧಿಯಾಗಿದ್ದುದು ಇಲ್ಲಿ ಒಲೆಯ ಮುಂದಿನ ಲೆಕ್ಕವಾಗಿರುವುದು.

ಮಹಾಭಾರತದ ಆಶ್ವಮೇಧಿಕಪರ್ವದ ಮುಂಗುಸಿಯ ಕಥೆಯೊಡನೆ ಹೋಲಿಸಿದರೆ ಈ ಭೇದವು ಸ್ಪಷ್ಟವಾಗುವುದು. ಕುರುಕ್ಷೇತ್ರದ ಉಂಛವೃತ್ತಿಯ ಬ್ರಾಹ್ಮಣನೊಬ್ಬನು ಬರಗಾಲದಲ್ಲಿ ತನಗೆ ದೊರೆತ ಸ್ವಲ್ಪ ಯವದ ಹಿಟ್ಟನ್ನು ಅತಿಥಿಗೆ ನೀಡುವನು. ಹೆಂಡತಿ, ಮಗ, ಸೊಸೆಯರೂ ತಮ್ಮ ತಮ್ಮ ಪಾಲನ್ನು ಒಪ್ಪಿಸುವರು. ಅತಿಥಿಯು ಧರ್ಮದೇವತೆಯಾಗಿರುವನು, ಕುಟುಂಬವು ಸ್ವರ್ಗವನ್ನು ಸೇರುವುದು. ಆ ಹಿಟ್ಟಿನ ಕಣಗಳು ಸೋಕಿ ಅರ್ಧ ಮೈ ಹೊನ್ನಾದ ಮುಂಗುಸಿಗೆ ಯುಧಿಷ್ಠಿರನ ಅಶ್ವಮೇಧದಲ್ಲಿ ಹೊರಳಿದರೂ ಮಿಕ್ಕರ್ಧ ಹೊನ್ನಾಗುವುದಿಲ್ಲ. ಕಥೆಯು ಉದಾತ್ತವಾದುದೇ. ಆದರೆ ಅಲ್ಲಿ ದಾನವು ಒಂದೇ ಬಾರಿಗೆ ಮುಗಿಯುವುದು. ಮರುದಿನ ಬಾಗಿಲಿಗೆ ಬಂದ ಹಸಿದವನಿಗೆ ಆ ಮನೆಯಲ್ಲಿ ಕೊಡುವವರಿಲ್ಲ. ಲಕ್ಕಮ್ಮನ ವ್ಯವಸ್ಥೆಯಲ್ಲಿ ದಾಸೋಹಕ್ಕೆ ಮರುದಿನವುಂಟು. ಆಕೆಯು ಉಪವಾಸ ಬೀಳುವುದೂ ಇಲ್ಲ, ಕೂಡಿಡುವುದೂ ಇಲ್ಲ. ಮಿತಿಯೆಂಬುದು ಇಲ್ಲಿ ದಾನಕ್ಕೆ ಅಡ್ಡಿಯಲ್ಲ. ದಾನವು ದಿನದಿನವೂ ನಡೆಯುವುದಕ್ಕೆ ಆಸರೆ.

ರಘುವಂಶದ ಐದನೆಯ ಸರ್ಗವು ಮತ್ತೂ ಹತ್ತಿರವಾದ ನಿದರ್ಶನ. ವಿಶ್ವಜಿದ್ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟು ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನು ನೀಡುವ ರಘುವಿನ ಬಳಿಗೆ, ಗುರುದಕ್ಷಿಣೆಗಾಗಿ ಹದಿನಾಲ್ಕು ಕೋಟಿಯನ್ನು ಬೇಡಲು ವರತಂತುಶಿಷ್ಯನಾದ ಕೌತ್ಸನು ಬರುವನು. ಕುಬೇರನು ಬೊಕ್ಕಸದಲ್ಲಿ ಹೊನ್ನಿನ ಮಳೆಯನ್ನು ಸುರಿಸಲು, ಎಲ್ಲವನ್ನೂ ಒಯ್ಯಬೇಕೆಂದು ಅರಸನು, ಗುರುವಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚು ಬೇಡವೆಂದು ಶಿಷ್ಯನು. ಇಬ್ಬರನ್ನೂ ಸಾಕೇತದ ಜನರು ಕೊಂಡಾಡುವರು. ರಘುವಿನ ಸ್ಥಾನದಲ್ಲಿ ಬಸವಣ್ಣನನ್ನೂ ಕೌತ್ಸನ ಸ್ಥಾನದಲ್ಲಿ ಲಕ್ಕಮ್ಮನನ್ನೂ ಇಟ್ಟು ನೋಡಬಹುದು. ಆದರೂ ಭೇದವುಂಟು. ಕೌತ್ಸನು ತೆಗೆದುಕೊಂಡು ಹೊರಟುಹೋಗುವನು. ಆತನು ಪ್ರತಿಗ್ರಾಹಕ ಮಾತ್ರ. ಲಕ್ಕಮ್ಮನು ಅದೇ ಊರಿನಲ್ಲಿ ಉಳಿದು, ಆಯ್ದ ಅಕ್ಕಿಯಿಂದ ತಾನೇ ದಾತೃವಾಗುವಳು. ಅರಸನೂ ಅರ್ಥಿಯೂ ಬೇರೆಬೇರೆಯಾಗಿ ನಿಂತ ಕಾವ್ಯಲೋಕವು ಇಲ್ಲಿ ಬದಲಾಗಿರುವುದು.

ಇನ್ನು ರಸವಿಚಾರ. ದಾನ, ಧರ್ಮ, ಯುದ್ಧ, ದಯೆಗಳೆಂದು ವೀರರಸವನ್ನು ನಾಲ್ಕಾಗಿ ವಿಭಾಗಿಸುವುದು ಸಾಹಿತ್ಯದರ್ಪಣಾದಿಗಳ ಪದ್ಧತಿ. ಬಲಿ ಕರ್ಣಾದಿಗಳ ಕಥೆಗಳಲ್ಲಿ ದಾನವೀರದ ಸ್ಥಾಯಿಯಾದ ಉತ್ಸಾಹಕ್ಕೆ ಗರ್ವವು ಸಂಚಾರಿಯಾಗಿ ಪೋಷಣೆ ಕೊಡುವುದು. ಕೊಡುವವನ ಹಿರಿಮೆಯೇ ಅಲ್ಲಿ ಬೆಳಗುವುದು. ಲಕ್ಕಮ್ಮನ ವಚನಗಳಲ್ಲಿಯೂ ಉತ್ಸಾಹವೇ ಸ್ಥಾಯಿ. ದುಡಿಮೆಯ ವಿಷಯದಲ್ಲಿ ಆಕೆಗಿರುವ ಅವಸರವೇ ಇದಕ್ಕೆ ಸಾಕ್ಷಿ. ಆದರೆ ಗರ್ವದ ಎಡೆಯಲ್ಲಿ ಧೃತಿಯೆಂಬ ಸಂಚಾರಿಯು ನಿಂತಿರುವುದು. ದೊರೆತುದರಲ್ಲಿ ತೃಪ್ತಿ, ದೊರೆಯದುದಕ್ಕಾಗಿ ಶೋಕಿಸದಿರುವುದು, ಇದು ಧೃತಿಯ ಲಕ್ಷಣ. ಧೃತಿಪುಷ್ಟವಾದ ದಾನವೀರವೆಂದು ಈ ವಚನಗಳ ರಸವನ್ನು ನಿರ್ಣಯಿಸಿದರೆ ಅದನ್ನು ಶಾಂತಕ್ಕೆ ಸೇರಿಸಬೇಕಾದ ಕ್ಲೇಶವು ತಪ್ಪುವುದು.

೪

ಇಲ್ಲಿ ದಾನದಾಸೋಹಗಳ ಭೇದವನ್ನು ತಿಳಿಯತಕ್ಕದ್ದು. ತನ್ನ ಸ್ವತ್ವವನ್ನು ನೀಗಿ ಇನ್ನೊಬ್ಬನ ಸ್ವತ್ವವನ್ನು ಉಂಟುಮಾಡುವುದು ದಾನವೆಂದು ಧರ್ಮಶಾಸ್ತ್ರಜ್ಞರ ನಿರ್ವಚನ. ಸ್ವತ್ವವೆಂಬುದು ಶಾಸ್ತ್ರದಿಂದಲೇ ತಿಳಿಯತಕ್ಕದ್ದೋ ಲೋಕದಿಂದ ಸಿದ್ಧವಾದುದೋ ಎಂಬ ಸುಪ್ರಸಿದ್ಧವಾದ ಚರ್ಚೆಯನ್ನು ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ನಡೆಯಿಸಿ, ಅದು ಲೌಕಿಕವೆಂದು ಸಿದ್ಧಾಂತ ಮಾಡಿದನು. ಆ ಗ್ರಂಥವು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅದೇ ಕಲ್ಯಾಣದಲ್ಲಿ ಹುಟ್ಟಿತೆಂಬುದು ಸ್ಮರಣೀಯ. ಸ್ವತ್ವವನ್ನು ಕುರಿತು ಪಂಡಿತರು ವಾದಿಸಿದ ಪಟ್ಟಣದಲ್ಲಿಯೇ, ತರುವಾಯದ ತಲೆಮಾರುಗಳಲ್ಲಿ, ಅಕ್ಕಿ ಆಯುವವಳೊಬ್ಬಳು ಸ್ವತ್ವದ ಎಲ್ಲೆಯನ್ನು ಮುಷ್ಟಿಯಿಂದ ಅಳೆದು ತೋರಿಸಿದಳು. ‘ದಾಸೋಽಹಂ’ ಎಂಬ ಪದವಿಭಾಗವನ್ನು ಒಪ್ಪಿದರೆ, ಕೊಡುವವನು ಒಡೆಯನೇ ಅಲ್ಲ, ಸೇವಕ. ಆತನು ಕೊಡುವುದು ತನ್ನದನ್ನಲ್ಲ. ಇದ್ದವರದನ್ನು ಅವರಿಗೆ ಮುಟ್ಟಿಸುವನಷ್ಟೆ.

ಈ ದೃಷ್ಟಿಯಿಂದ ನೋಡಿದರೆ ಮೊದಲು ಎತ್ತಿದ ಪ್ರಶ್ನೆಗೆ ಸಮಾಧಾನವು ದೊರೆಯುವುದು. ಹೆಚ್ಚಿನ ಅಕ್ಕಿಯನ್ನು ಲಕ್ಕಮ್ಮನು ಬೀದಿಗೆ ಎಸೆಯಿಸಲಿಲ್ಲ. ಇದ್ದ ಎಡೆಗೇ ಕಳುಹಿಸಿದಳು. ಆ ಎಡೆಯಾದರೋ ಸಮಸ್ತ ಶರಣರ ಮಹಾಮನೆ. ಅಲ್ಲಿ ಆಯಲು ಬರುವವರು ಮತ್ತೂ ಇರಬಹುದು. ಅಲ್ಲಿಯೇ ಉಣ್ಣುವವರಂತೂ ಇದ್ದೇ ಇರುವರು. ತನ್ನ ಮನೆಗೆ ಹೆಚ್ಚಾದುದು ಇನ್ನೊಬ್ಬರ ಪಾಲು. ಅದನ್ನು ತಂದು ತನ್ನ ಕೈಯಿಂದ ಬಡಿಸಿದರೆ, ಪರರ ಸ್ವತ್ತಿನಿಂದ ತನಗೆ ಪುಣ್ಯವನ್ನು ಕೊಂಡಂತಾಗುವುದು. ಆದುದರಿಂದ ಹಿಂದಿರುಗಿಸುವುದೂ ಬಡಿಸುವುದೂ ಎರಡು ಗುಣಗಳಲ್ಲ. ಒಂದೇ ಗುಣದ ಎರಡು ವ್ಯಾಪಾರಗಳು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಮಾಡಿ ಎಳೆಎಳೆಯನ್ನೂ ಕೊಂಡಿಯಿಂದ ಕೂಡಿಸುವರು. ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದಾಗಿರುವುದುಂಟು; ಕೊಂಡಿ ಕಳಚಿದರೆ ಎರಡೂ ಸೀರೆಯಲ್ಲ. ಮಿತಿಗೂ ದಾಸೋಹಕ್ಕೂ ಇರುವ ಸಂಬಂಧವು ಇಂಥದು.

ಸೂಳೆ ಸಂಕವ್ವೆ, ಸತ್ಯಕ್ಕ ಮೊದಲಾದ ಶರಣೆಯರಲ್ಲಿ ಸತ್ಯಕ್ಕನು, ದಾರಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಕೈಯೆತ್ತಿ ಮುಟ್ಟೆನೆಂದು ವಚನದಲ್ಲಿ ಪ್ರಮಾಣ ಮಾಡಿರುವಳು. ಬಿದ್ದ ಹೊನ್ನು ನಿಷಿದ್ಧವಾಗಿ ಬಿದ್ದ ಅಕ್ಕಿಯು ಗ್ರಾಹ್ಯವಾದುದು ಹೇಗೆಂದರೆ, ಹೊನ್ನಿಗೆ ಅರಸುತ್ತ ಬರುವ ಒಡೆಯನುಂಟು; ಚೆಲ್ಲಿದ ಕಾಳನ್ನು ಆಯದಿದ್ದರೆ ಅದು ತುಳಿತಕ್ಕೆ ಸಿಕ್ಕಿ ಹಾಳಾಗುವುದು. ಹಾಳಾಗುವುದನ್ನು ಉಳಿಸುವುದು ಕಾಯಕ; ಉಳಿದುದರಲ್ಲಿ ಬೇಕಾದಷ್ಟನ್ನೇ ಕೊಳ್ಳುವುದು ಮಿತಿ.

ಈ ಸೀಮೆಯ ದಾನಶಾಸನಗಳೊಡನೆ ಹೋಲಿಸಿದರೆ ವಚನದ ಹೊಸತನವು ಇನ್ನೂ ವಿಶದವಾಗುವುದು. ಬಾದಾಮಿಯ ಮೂರನೆಯ ಗುಹೆಯಲ್ಲಿ ಶಕವರ್ಷ ೫೦೦ರ, ಎಂದರೆ ಕ್ರಿಸ್ತಶಕ ೫೭೮ರ ಶಾಸನವಿದೆ. ಮಂಗಳೇಶನು ಆ ದೇವಗೃಹಕ್ಕೆ ಗ್ರಾಮವನ್ನು ಬಿಟ್ಟ ಸಂಗತಿಯು ಅಲ್ಲಿ ಉಕ್ತವಾಗಿದೆ. ಹುನಗುಂದ ತಾಲ್ಲೂಕಿನ ಐಹೊಳೆಯ ಹೆಸರಿನಿಂದ ಪ್ರಸಿದ್ಧರಾದ ಅಯ್ಯಾವೊಳೆಯ ಐನೂರ್ವರೆಂಬ ವಣಿಕ್ಸಂಘದವರ ದತ್ತಿಗಳು ದಕ್ಷಿಣದೇಶದ ಹಲವು ಶಾಸನಗಳಲ್ಲಿವೆ. ದಾತೃವಿನ ಪ್ರಶಸ್ತಿ, ದತ್ತಿಯ ಪ್ರಮಾಣ, ಎಲ್ಲೆಗಳು, ಅಳಿಪಿದವರಿಗೆ ಶಾಪ, ಇವು ಶಾಸನದ ಅಂಗಗಳು. ಪ್ರಮಾಣವನ್ನು ಹೇಳುವುದು ಅಲ್ಲಿ ಹಿರಿಮೆಗಾಗಿ, ಭದ್ರತೆಗಾಗಿ. ಲಕ್ಕಮ್ಮನೂ ಪ್ರಮಾಣವನ್ನು ಹೇಳುವಳು. ಆದರೆ ಎಷ್ಟು ಕೊಟ್ಟೆನೆಂದಲ್ಲ, ಎಷ್ಟಕ್ಕಿಂತ ಹೆಚ್ಚು ಕೊಳ್ಳಲಾರೆನೆಂದು.

೫

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಇದ್ದುದರಲ್ಲಿ ತೃಪ್ತರಾಗಿರೆಂದು ಬಡವರಿಗೆ ಬೋಧಿಸುವ ಈ ವಚನಗಳಿಂದ ಉಳ್ಳವರಿಗೇ ಲಾಭವಲ್ಲವೆ? ಚೆಲ್ಲುವಷ್ಟು ಅಕ್ಕಿಯು ಒಂದೆಡೆಯಲ್ಲಿ, ಆಯುವ ಕೈ ಇನ್ನೊಂದೆಡೆಯಲ್ಲಿ ಇರುವ ವ್ಯವಸ್ಥೆಯನ್ನೇ ಇವು ಪೋಷಿಸುವುವಲ್ಲವೆ? ಈ ಆಕ್ಷೇಪವು ಲಘುವಾದುದಲ್ಲ. ಆಯುವಿಕೆಯು ಬೇರೊಂದು ಕಡೆಯ ಸಮೃದ್ಧಿಯನ್ನು ಅವಲಂಬಿಸಿದೆಯೆಂಬುದನ್ನು ಒಪ್ಪಲೇಬೇಕು. ಆದರೆ ಮಾತನ್ನು ಯಾರು ಯಾರಿಗೆ ಆಡಿದರೆಂಬುದನ್ನು ವಿಚಾರಿಸತಕ್ಕದ್ದು. ಉಳ್ಳವನು ಇಲ್ಲದವನಿಗೆ ಹೇಳಿದ ಸಂತೋಷೋಪದೇಶವು ಇದಲ್ಲ. ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನ ಕಡೆಯಿಂದ ಬಂದ ಹೆಚ್ಚಳವನ್ನು ಅಕ್ಕಿ ಆಯುವವಳು ನಿರಾಕರಿಸಿದ ಪ್ರಸಂಗವಿದು. ಆಸೆಯನ್ನು ಅರಸರ ಪಾಲಿಗೆ ತಿರುಗಿಸಿ ಬಿಟ್ಟುದರಲ್ಲಿ ವಿನಯಕ್ಕಿಂತ ಸ್ವಾತಂತ್ರ್ಯವೇ ಹೆಚ್ಚಾಗಿ ಕಾಣುವುದು. ಬೇಡದವಳಿಗೆ ಹಂಗಿಲ್ಲ, ಹಂಗಿಲ್ಲದವಳು ಬಸವಣ್ಣನ ಸಂದೇಹವನ್ನೂ ಪ್ರಶ್ನಿಸಬಲ್ಲಳು.

ನುಲಿಯ ಚಂದಯ್ಯನ ಪ್ರಸಂಗವು ಇದನ್ನು ಸಮರ್ಥಿಸುವುದು. ಹುಲ್ಲಿನ ಹಗ್ಗವನ್ನು ಹೊಸೆದು ಮಾರಿ ದಾಸೋಹ ಮಾಡುತ್ತಿದ್ದ ಆತನ ಹಗ್ಗಕ್ಕೆ ಬಸವಣ್ಣನು ಭಕ್ತಿಯಿಂದ ಬಹಳ ಹೊನ್ನನ್ನು ಕೊಟ್ಟಾಗ, ಸಲ್ಲುವ ಬೆಲೆಗಿಂತ ಹೆಚ್ಚಾದುದು ಸಲ್ಲದೆಂದು ಚಂದಯ್ಯನು ಒಲ್ಲದೆ ಹೋದನೆಂದು ಶೂನ್ಯಸಂಪಾದನೆಯ ಕಥೆ. ಲಕ್ಕಮ್ಮನಲ್ಲಿ ಹೆಚ್ಚಿನ ಧಾನ್ಯ, ಚಂದಯ್ಯನಲ್ಲಿ ಹೆಚ್ಚಿನ ಬೆಲೆ, ನ್ಯಾಯವು ಒಂದೇ. ಸಂಪಾದನಕಾರರು ಈ ಎರಡು ಪ್ರಸಂಗಗಳಲ್ಲಿಯೂ ಬಸವಣ್ಣನನ್ನೇ ಕಲಿಯುವವನ ಸ್ಥಾನದಲ್ಲಿ ನಿಲ್ಲಿಸಿರುವುದು ಗಮನಾರ್ಹ.

ಮತ್ತೊಂದು ಸಂದೇಹ. ನಾಳೆಗೆಂದು ಇಡದವರಿಂದ ಪಾಠಶಾಲೆ ಮಠ ಛತ್ರಗಳು ನಡೆದಾವೆ? ಇದಕ್ಕೆ ಉತ್ತರವು ಕಥೆಯಲ್ಲಿಯೇ ಇದೆ. ಲಕ್ಕಮ್ಮನು ನಿಷೇಧಿಸಿದುದು ಮನೆಯ ಸಂಗ್ರಹವನ್ನು, ಮಹಾಮನೆಯ ಕಣಜವನ್ನಲ್ಲ. ಸಮುದಾಯದ ಕಣಜ ತುಂಬಿರಬೇಕಾದರೆ ಮನೆಮನೆಯ ಅಳತೆಯು ಕಿರಿದಾಗಿರಬೇಕು. ಬಾಗಲಕೋಟೆಯಲ್ಲಿ ೧೯೦೬ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವೂ, ಬಾದಾಮಿ ತಾಲ್ಲೂಕಿನ ಮಲಪ್ರಭಾತೀರದಲ್ಲಿ ೧೯೦೯ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಶಿವಯೋಗಮಂದಿರವೂ ಸ್ಥಾಪಿತವಾದುವು. ಮಳೆ ಕಡಮೆಯಾದ ಜೋಳದ ನಾಡಿನಲ್ಲಿ ಇಂಥ ಸಂಸ್ಥೆಗಳು ಬೆಳೆದು ನಿಂತುದು ಸಮುದಾಯದ ಕಣಜವೆಂಬುದು ಬರಿಯ ಕಥೆಯಲ್ಲವೆಂಬುದಕ್ಕೆ ನಿದರ್ಶನ.

ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾಕ್ಟರ್ ಮಹಾಂತಸ್ವಾಮಿಗಳು ನಡೆಯಿಸಿದ ‘ಮಹಾಂತ ಜೋಳಿಗೆ’ಯನ್ನೂ ಇಲ್ಲಿ ನೆನೆಯಬಹುದು. ೨೦೧೮ರಲ್ಲಿ ಲಿಂಗೈಕ್ಯರಾದ ಅವರು ಊರೂರಿಗೆ ಹೋಗಿ ಜೋಳಿಗೆಯನ್ನೊಡ್ಡಿ ಬೇಡಿದುದು ದವಸವನ್ನಲ್ಲ, ಹಣವನ್ನಲ್ಲ. ಕುಡಿತ ತಂಬಾಕುಗಳೇ ಮೊದಲಾದ ದುರ್ವ್ಯಸನಗಳನ್ನು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಘೋಷಿಸಿರುವುದು. ಜೋಳಿಗೆಯಲ್ಲಿ ವ್ಯಸನವನ್ನು ಹಾಕಿದವನ ಮನೆಯಲ್ಲಿ ಅಂದಿನ ಕೂಲಿಯು ಉಳಿಯುವುದು. ಬಿಡುವುದೇ ಕೊಡುವುದಾಗುವ ಈ ರೀತಿಯು ಹೆಚ್ಚಿನ ಅಕ್ಕಿಯನ್ನು ಸುರಿದು ಬಾರೆಂದ ಮಾತಿಗೆ ದೂರದ್ದಲ್ಲ.

ಈ ವಚನಗಳು ಇಂದಿನ ವಾಚಕರ ಕೈಸೇರಿದ ಬಗೆಯೂ ಇದೇ ಧರ್ಮದ್ದು. ಬಾಗಲಕೋಟೆ ಹುನಗುಂದ ಬಾದಾಮಿಗಳು ೧೯೯೭ರವರೆಗೆ ಯಾವ ಜಿಲ್ಲೆಯ ಭಾಗವಾಗಿದ್ದುವೋ ಆ ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಮನೆಯನ್ನು ಮಾರಿ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಚೆದರಿದ್ದ ಓಲೆಗಳಿಂದ ವಚನಗಳನ್ನು ಆಯ್ದು ಸರ್ವರಿಗೂ ಬಡಿಸಿದ ಆ ಕಾರ್ಯವೂ ಆಯ್ದಕ್ಕಿಯ ಕಾಯಕವೇ.

ಲಕ್ಕಮ್ಮನನ್ನು ಪಾಠ ಹೇಳುವ ಅಧ್ಯಾಪಕರು ಆಕೆಯನ್ನು ಬಡತನದ ಸ್ತುತಿಪಾಠಕಿಯೆಂದು ನಿರೂಪಿಸುವುದನ್ನ ಬಿಡುವುದು ಉಚಿತ. ಬಡತನವೇ ತನಗಿಲ್ಲವೆಂದವಳು ಆಕೆ. ಎಷ್ಟು ಕೊಟ್ಟರೆ ಉದಾರಿಯೆನಿಸಬಹುದೆಂಬುದು ದಾನಶಾಸನಗಳ ಪ್ರಶ್ನೆ. ಎಷ್ಟು ತೆಗೆದುಕೊಂಡರೆ ಇನ್ನೊಬ್ಬರ ಪಾಲು ಉಳಿಯುವುದೆಂಬುದು ಲಕ್ಕಮ್ಮನ ಪ್ರಶ್ನೆ. ಎರಡನೆಯದಕ್ಕೆ ಉತ್ತರವನ್ನು ಅರಿತ ಮನೆಯಲ್ಲಿ ಮೊದಲನೆಯದು ಏಳುವುದೇ ಇಲ್ಲ.